ಅಮ್ಮಾ, ಇವತ್ತು ರೇಟು ಬಿದ್ದಿದೆಯಾ?

ಕರೆಂಟು ಹೋಗಿ ಮೂರನೇ ದಿನ. ಜುಲೈ ತಿಂಗಳು. ಮಡಿಕೇರಿಯ ಜುಲೈ ಹೇಗಿರುತ್ತದೆ ಅಂತ ಇಲ್ಲಿದ್ದವರಿಗೆ ಹೇಳಬೇಕಿಲ್ಲ. ಉಪ್ಪಿನ ಡಬ್ಬಿಯಲ್ಲಿ ನೀರು. ಬೀರುವಿನೊಳಗಿನ ಬೆಲ್ಟಿಗೂ ಬೂಸ್ಟು. ಒಗೆದ ಬಟ್ಟೆ ಒಣಗುವ ಮೊದಲೇ ಮುಗ್ಗಲು ವಾಸನೆ. ಬೆಳಗ್ಗೆ ಕಣ್ಣು ಬಿಟ್ಟ ಕೂಡಲೇ ಎಲ್ಲರ ಮನೆಯಲ್ಲೂ ಒಂದೇ ಪ್ರಶ್ನೆ, "ಡೀಸಿ ರಜೆ ಕೊಟ್ರಾ?" ಕೊಟ್ಟಿದ್ದರು. ಸತತ ಮೂರನೇ ದಿನ.

ಇವರು ಕೆಲಸದ ಮೇಲೆ ಮೈಸೂರಿಗೆ ಹೋದವರು ರಸ್ತೆಗೆ ಮರ ಬಿದ್ದು ಅಲ್ಲೇ ಉಳಿದಿದ್ದರು. ಇನ್ವರ್ಟರ್ ಮೊದಲ ದಿನವೇ ಕೈಕೊಟ್ಟಿತ್ತು. ಫೋನಿನಲ್ಲಿ ನಾಲ್ಕು ಪರ್ಸೆಂಟ್ ಚಾರ್ಜು. ನಾನು ನಾಲ್ಕಾರು ಅಂಗಡಿಗಳ ಲೆಕ್ಕ ಬರೆದು ಕೊಡುವವಳು. ಆ ಸಂಜೆಯೊಳಗೆ ಒಂದು ಲೆಕ್ಕ ಮುಗಿಸಲೇಬೇಕಿತ್ತು. ಕಿಟಕಿ ಪಕ್ಕದ ಮೇಜಿನ ಮೇಲೆ ಬಿಲ್ಲುಗಳನ್ನೆಲ್ಲ ತಾರೀಖಿನ ಪ್ರಕಾರ ಜೋಡಿಸಿ, ಟೀ ಇಡೋಣ ಅಂತ ಒಳಗೆ ಹೋದೆ. ಎಂಟು ವರ್ಷದ ಮಗ ಮಳೆ ಎಷ್ಟು ಜೋರಿದೆ ನೋಡೋಣ ಅಂತ ಕಿಟಕಿ ತೆಗೆದ. ಗಾಳಿ ಒಳಗೆ ಬಂತು. ಗಾಳಿಯ ಜೊತೆ ಮಳೆಯೂ ಬಂತು.

"ನಿನ್ನ ಕೈಲಿ ಒಂದು ಕೆಲಸ ನೆಟ್ಟಗೆ ಆಗಲ್ಲ. ಹುಟ್ಟಿರೋದೇ ನಮ್ಮ ಪ್ರಾಣ ತಿನ್ನೋಕೆ."

ಬಾಯಿಂದ ಬಿದ್ದ ಮೇಲೆ ಗೊತ್ತಾಯಿತು, ಆ ಮಾತು ನನ್ನದಲ್ಲ. ಒಂದಕ್ಷರ ಬಿಡದೆ ನಮ್ಮಪ್ಪನದು. "ನೆಟ್ಟಗೆ" ಅನ್ನುವಲ್ಲಿ ಸ್ವಲ್ಪ ಒತ್ತು, ಆಮೇಲೆ ಒಂದು ಚೂರು ತಡೆದು ಎರಡನೇ ವಾಕ್ಯ. ಆ ತಡೆ ಕೂಡ ಅವರದ್ದೇ. ಇಪ್ಪತ್ತು ವರ್ಷದ ಮೇಲೆ ಎಲ್ಲಿಂದ ಎದ್ದು ಬಂತೋ.

ಮಗ ಅಳಲಿಲ್ಲ. ಕಿಟಕಿಯನ್ನು ತುಂಬಾ ನಿಧಾನವಾಗಿ, ಸದ್ದಾಗದ ಹಾಗೆ ಮುಚ್ಚಿದ. ಹಾಕಿಕೊಂಡಿದ್ದ ಟೀಶರ್ಟಿನ ಅಂಚು ಎಳೆದು ಒಂದೊಂದೇ ಬಿಲ್ಲನ್ನು ಒರೆಸತೊಡಗಿದ. ಒರೆಸಿದಷ್ಟೂ ಶಾಯಿ ಹರಡುತ್ತಿತ್ತು. ಅವನು ಇನ್ನೂ ಜೋರಾಗಿ ಒರೆಸುತ್ತಿದ್ದ. ಆಗ ಅವನ ಅಕ್ಕ, ಹನ್ನೊಂದು ವರ್ಷದವಳು, ಬಾಗಿಲ ಹತ್ತಿರ ನಿಂತು ಕೇಳಿದಳು: "ಅಮ್ಮಾ, ಇವತ್ತು ರೇಟು ಬಿದ್ದಿದೆಯಾ?"

ಈ ಪ್ರಶ್ನೆ ನಮ್ಮ ಮನೆಯ ಹೊರಗಿನವರಿಗೆ ಅರ್ಥವಾಗುವುದಿಲ್ಲ. ಅದಕ್ಕೆ 2002ರ ಜನವರಿಗೆ ಹೋಗಬೇಕು.

ನಮ್ಮದು ಸೋಮವಾರಪೇಟೆಯಿಂದ ಮೇಲೆ, ಶಾಂತಳ್ಳಿ ಕಡೆ. ಐದು ಎಕರೆ ತೋಟ, ಬಹುಪಾಲು ಅರೇಬಿಕಾ ಕಾಫಿ. ಆಗ ನಾನು ಏಳನೇ ಕ್ಲಾಸು, ತಮ್ಮ ಐದು. ಅಜ್ಜನ ಕಾಲದಲ್ಲಿ ಬೆಳೆಗಾರರು ಬೆಳೆದದ್ದನ್ನೆಲ್ಲ ಕಾಫಿ ಬೋರ್ಡಿನ ಪೂಲಿಗೆ ಹಾಕಬೇಕಿತ್ತು, ಎಲ್ಲರದ್ದನ್ನೂ ಒಟ್ಟು ಸೇರಿಸಿ ಬೋರ್ಡೇ ಮಾರುತ್ತಿತ್ತು. ದುಡ್ಡು ಕಂತು ಕಂತಾಗಿ ಬರುತ್ತಿತ್ತು, ತಡವಾಗಿಯಾದರೂ ಬರುತ್ತಿತ್ತು. ತೊಂಬತ್ತರ ದಶಕದ ಮಧ್ಯದ ಹೊತ್ತಿಗೆ ಆ ಪದ್ಧತಿ ಹೋಯಿತು. ಯಾರಿಗೆ ಬೇಕಾದರೂ ಮಾರಬಹುದು ಅಂತಾಯಿತು. ಮೊದಲ ಕೆಲವು ವರ್ಷ ಒಳ್ಳೆ ಬೆಲೆ ಸಿಕ್ಕಿತು. ಅಪ್ಪ ಬೈಕು ತಗೊಂಡರು, ಕಣಕ್ಕೆ ಸಿಮೆಂಟು ಹಾಕಿಸಿದರು, ಅದಕ್ಕೆ ಸಾಲವನ್ನೂ ಮಾಡಿದರು. ಆಮೇಲೆ ಬೆಲೆ ಬಿತ್ತು. ಯಾವ ದೇಶ ಎಷ್ಟು ಕಾಫಿ ಮಾರಬೇಕು ಅಂತ ಲೆಕ್ಕ ಇಡುತ್ತಿದ್ದ ಅಂತರರಾಷ್ಟ್ರೀಯ ಒಪ್ಪಂದ 1989ರಲ್ಲೇ ಮುರಿದಿತ್ತು. ವಿಯೆಟ್ನಾಂ ನೋಡುನೋಡುತ್ತಿದ್ದ ಹಾಗೆ ದೊಡ್ಡ ಉತ್ಪಾದಕ ಆಗಿತ್ತು. 2001, 2002ರ ಹೊತ್ತಿಗೆ ಪ್ರಪಂಚದ ಕಾಫಿ ಬೆಲೆ ಮೂವತ್ತು ವರ್ಷದಲ್ಲೇ ಕಾಣದಷ್ಟು ಕೆಳಗೆ ಹೋಯಿತು.

ಇದೆಲ್ಲ ನಾನು ದೊಡ್ಡವಳಾದ ಮೇಲೆ ಓದಿ ತಿಳಿದದ್ದು. ಆಗ ನಮಗೆ ಗೊತ್ತಿದ್ದದ್ದು ಇಷ್ಟೇ: ಅಪ್ಪನ ಬೈಕು ಗೇಟಿನ ಹತ್ತಿರ ಬಂದ ಸದ್ದು ಕೇಳಿದರೆ ರೇಡಿಯೋ ಆರಿಸಬೇಕು. ಪುಸ್ತಕ ಹಿಡಿದು ಕೂರಬೇಕು. ಊಟಕ್ಕೆ ಕೂತಾಗ ಎರಡನೇ ಸಲ ಏನೂ ಕೇಳಬಾರದು. ಅಮ್ಮನ ಕೈಬಳೆ ಎರಡು ಕಾಣೆಯಾಗಿದ್ದವು. ಅದರ ಬಗ್ಗೆಯಂತೂ ಬಾಯಿ ಬಿಡಲೇಬಾರದು.

ಜನವರಿಯಲ್ಲಿ ಒಂದು ಸಂಜೆ. ಪಲ್ಪ್ ಮಾಡಿ, ಅಂದರೆ ಹಣ್ಣಿನ ಸಿಪ್ಪೆ ತೆಗೆದು, ತೊಳೆದ ಕಾಫಿ ಕಣದಲ್ಲಿ ಹರವಿತ್ತು, ಒಣಗಲು ಇನ್ನೆರಡು ದಿನ ಬಿಸಿಲು ಬೇಕಿತ್ತು. ಸಂಜೆ ಅದನ್ನು ಗುಡ್ಡೆ ಮಾಡಿ ಟಾರ್ಪಲ್ ಹೊದಿಸುವುದು ನಮ್ಮಿಬ್ಬರ ಕೆಲಸ. ಆ ದಿನ ನಾನು ಟೆಸ್ಟು ಇದೆ ಅಂತ ತಪ್ಪಿಸಿಕೊಂಡಿದ್ದೆ. ತಮ್ಮ ಒಬ್ಬನೇ ಹೊದಿಸಿದ್ದ. ಒಂದು ಮೂಲೆಗೆ ಕಲ್ಲು ಇಟ್ಟಿರಲಿಲ್ಲ. ರಾತ್ರಿ ಯಾರೂ ಎಣಿಸದ ಒಂದು ಮಳೆ ಬಂತು. ಕಾಲು ಗಂಟೆ ಅಷ್ಟೇ. ಕಲ್ಲಿಲ್ಲದ ಮೂಲೆ ಗಾಳಿಗೆ ಎದ್ದು, ಅರ್ಧ ಗುಡ್ಡೆ ನೆನೆಯಿತು.

ಅಪ್ಪ ಅವನನ್ನು ಮಲಗಿದ್ದಲ್ಲಿಂದ ಎಬ್ಬಿಸಿ, ಕಣಕ್ಕೆ ಕರೆದುಕೊಂಡು ಹೋಗಿ, ಟಾರ್ಚು ಬಿಟ್ಟು ಒದ್ದೆ ಕಾಫಿ ತೋರಿಸಿ ಹೊಡೆದರು. ಎಷ್ಟು ಹೊಡೆದರು ಅಂತ ಬರೆಯುವುದಿಲ್ಲ. ಮೇಲೆ ಬರೆದ ಆ ಎರಡು ವಾಕ್ಯ ಅಲ್ಲೇ, ಆಗಲೇ ನಾನು ಕೇಳಿದ್ದು. ಅಮ್ಮ ಅಡುಗೆಮನೆ ಬಾಗಿಲಲ್ಲಿ ನಿಂತಿದ್ದಳು. ಸೆರಗನ್ನು ಬೆರಳಿಗೆ ಸುತ್ತುತ್ತಾ, ಬಿಚ್ಚುತ್ತಾ. ನಡುವೆ ಬರಲಿಲ್ಲ. ಆ ಟಾರ್ಪಲ್ಲಿನ ಇನ್ನೊಂದು ತುದಿ ಹಿಡಿಯಬೇಕಾಗಿದ್ದವಳು ನಾನು. ನಾನೂ ಬಾಯಿ ಬಿಡಲಿಲ್ಲ.

ಆಮೇಲೆ ಅಜ್ಜಿ ಬಂದು ಅವನ ಕೈ ಹಿಡಿದು ಒಳಗೆ ಕರೆತಂದಳು. ಅಪ್ಪನಿಗೆ ಏನೂ ಅನ್ನಲಿಲ್ಲ. ಆರಿದ ಬಚ್ಚಲೊಲೆಯ ಬೂದಿ ಕೆದಕಿ, ಕೆಂಡದಲ್ಲಿ ಎರಡು ಗೆಣಸು ಹುಗಿದಿಟ್ಟಳು. ಬೇಯುವ ತನಕ ನಮ್ಮಿಬ್ಬರನ್ನೂ ಪಕ್ಕದಲ್ಲಿ ಕೂರಿಸಿಕೊಂಡಳು. ಗೆಣಸಿನ ಸಿಪ್ಪೆ ಸುಲಿದು, ಊದಿ, ಅವನ ಕೈಗೆ ಕೊಟ್ಟು ಹೇಳಿದಳು: "ನೋಡು ಮಗಾ, ಕಾಫಿ ರೇಟು ಬಿದ್ದಿದೆ. ನಿಮ್ಮಪ್ಪನಿಗೆ ಸೊಸೈಟಿ ಸಾಲ ತಲೆ ಮೇಲಿದೆ. ಅವನ ಸಿಟ್ಟು ರೇಟಿನ ಮೇಲೆ. ರೇಟಿಗೆ ಹೊಡೆಯೋಕೆ ಆಗುತ್ತಾ? ಕೈಗೆ ಸಿಕ್ಕಿದವನು ನೀನು."

ಆ ರಾತ್ರಿ ಎದ್ದು ನೋಡಿದಾಗ ಅಪ್ಪ ಹಜಾರದಲ್ಲಿ ಲಾಟೀನು ಇಟ್ಟುಕೊಂಡು, ನೆಂದ ಕಾಫಿಯನ್ನು ಗೋಣಿಯ ಮೇಲೆ ತೆಳ್ಳಗೆ ಹರಡಿ, ಕೈಯಲ್ಲೇ ಮಗುಚುತ್ತಿದ್ದರು. ಬೆಳಗಿನ ತನಕ.

ಈ ಕತೆಯನ್ನು ಮಕ್ಕಳಿಗೆ ಒಮ್ಮೆ ಹೇಳಿದ್ದೆ. ಹೊಡೆದದ್ದನ್ನು ಸ್ವಲ್ಪ ಕಡಿಮೆ ಮಾಡಿ. ಮಗಳು ಅದರಲ್ಲಿ ಹಿಡಿದುಕೊಂಡದ್ದು ರೇಟಿನ ಮಾತನ್ನು.

ಜುಲೈನ ಆ ದಿನದ ಮೇಲೆ ಕರೆಂಟು ಬಂತು, ಲೆಕ್ಕವನ್ನು ಎರಡು ದಿನ ತಡವಾಗಿ ಕೊಟ್ಟದ್ದಕ್ಕೆ ಯಾರ ಪ್ರಾಣವೂ ಹೋಗಲಿಲ್ಲ. ಮಾಡಿದ ತಪ್ಪು ಮಾತ್ರ ಗಂಟಲಲ್ಲೇ ಇತ್ತು. ಎಲ್ಲ ತಾಯಂದಿರೂ ಮಾಡುವುದನ್ನೇ ನಾನೂ ಮಾಡಿದೆ. ಮಕ್ಕಳು ಮಲಗಿದ ಮೇಲೆ ಫೋನು ಹಿಡಿದು, ಒಳ್ಳೆಯ ತಾಯಿ ಹೇಗಿರಬೇಕು ಅಂತ ಹುಡುಕಿದೆ. ಎಲ್ಲಿ ನೋಡಿದರೂ ನಾಲ್ಕು ಡಬ್ಬಿ. ನೀವು ಯಾವ ಡಬ್ಬಿ, ಹತ್ತು ಪ್ರಶ್ನೆಗೆ ಉತ್ತರಿಸಿ ತಿಳಿದುಕೊಳ್ಳಿ!

ಈ ಡಬ್ಬಿಗಳ ಮೂಲ ಕ್ಯಾಲಿಫೋರ್ನಿಯಾದ ಬರ್ಕ್ಲಿಯಲ್ಲಿದ್ದ ಡಯಾನಾ ಬೌಮ್ರಿಂಡ್ ಅನ್ನುವ ಮನಶ್ಶಾಸ್ತ್ರಜ್ಞೆ. 1960ರ ದಶಕದಲ್ಲಿ ಶಾಲೆಗೆ ಹೋಗುವ ಮೊದಲಿನ ವಯಸ್ಸಿನ ಮಕ್ಕಳನ್ನೂ ಅವರ ಅಪ್ಪ ಅಮ್ಮಂದಿರನ್ನೂ ಗಮನಿಸಿ ಮೂರು ಬಗೆ ಗುರುತಿಸಿದರು. ನಮ್ಮ ಮನೆಮಾತಿನಲ್ಲಿ ಹೇಳುವುದಾದರೆ, "ಹೇಳಿದಷ್ಟು ಮಾಡು" ಅನ್ನುವವರು ಒಂದು. "ಹೋಗಲಿ ಬಿಡು, ಮಗು ತಾನೇ" ಅನ್ನುವವರು ಇನ್ನೊಂದು. "ಯಾಕೆ ಅಂತ ಹೇಳ್ತೀನಿ ಕೇಳು, ಆದರೆ ಮಾಡಲೇಬೇಕು" ಅನ್ನುವವರು ಮೂರನೆಯವರು. ಮಕ್ಕಳಿಗೆ ಈ ಮೂರನೆಯವರೇ ಒಳ್ಳೆಯದು ಅಂತ ಅವರ ತೀರ್ಮಾನ. 1983ರಲ್ಲಿ ಎಲೀನರ್ ಮ್ಯಾಕೋಬಿ ಮತ್ತು ಜಾನ್ ಮಾರ್ಟಿನ್ ಇದನ್ನು ಇನ್ನಷ್ಟು ಒಪ್ಪ ಮಾಡಿದಾಗ ನಾಲ್ಕನೆಯದೂ ಸೇರಿತು: ಹೇಳುವುದೂ ಇಲ್ಲ, ಕೇಳುವುದೂ ಇಲ್ಲ, ಮಗು ಎಲ್ಲಿದೆ ಅಂತ ನೋಡುವುದೂ ಇಲ್ಲ.

ಓದಿ ನಗು ಬಂತು. ಶಾಂತಳ್ಳಿಯ ಒಂದೇ ಹೆಂಚಿನ ಕೆಳಗೆ ಈ ನಾಲ್ಕೂ ಇತ್ತಲ್ಲ! ಅಪ್ಪ ಮೊದಲನೆಯವರು. ಚಿಕ್ಕಪ್ಪ ಎರಡನೆಯವರು, ನಮ್ಮನ್ನು ಪರೀಕ್ಷೆ ಹಿಂದಿನ ದಿನ ಹೊಳೆಗೆ ಏಡಿ ಹಿಡಿಯಲು ಕರೆದುಕೊಂಡು ಹೋದವರು. ಅಜ್ಜಿ ಮೂರನೆಯವಳು. ಅಮ್ಮ, ರೇಟು ಬಿದ್ದ ಆ ಎರಡು ಮೂರು ವರ್ಷ, ಹೇಳಲು ಬೇಜಾರು, ಸುಮಾರಾಗಿ ನಾಲ್ಕನೆಯವಳೇ. ಹೊತ್ತಿಗೆ ಸರಿಯಾಗಿ ಬಿಸಿ ಅನ್ನ ಹಾಕುತ್ತಿದ್ದಳು, ತಲೆ ಬಾಚುತ್ತಿದ್ದಳು. ಆದರೆ ಅವಳು ಅಲ್ಲಿರುತ್ತಿರಲಿಲ್ಲ. ಕರೆದರೆ ಮೂರನೇ ಸಲಕ್ಕೆ "ಹ್ಞಾಂ?" ಅನ್ನುತ್ತಿದ್ದಳು. ಅದಕ್ಕೆ ಮೊದಲು ಅವಳು ಹಾಗಿರಲಿಲ್ಲ, ಆಮೇಲೆಯೂ ಇರಲಿಲ್ಲ. ಅಪ್ಪ ಕೂಡ ಬೈಕು ತಂದ ವರ್ಷ ನಮ್ಮಿಬ್ಬರನ್ನೂ ಟ್ಯಾಂಕಿನ ಮೇಲೆ ಕೂರಿಸಿಕೊಂಡು ಮಲ್ಲಳ್ಳಿ ಫಾಲ್ಸ್ ತೋರಿಸಿದ್ದರು. ಮನುಷ್ಯ ಅದೇ, ಮಕ್ಕಳೂ ಅವೇ. ಡಬ್ಬಿ ಹೇಗೆ ಬದಲಾಯಿತು?

ಇದಕ್ಕೆ ಉತ್ತರ ಸಿಕ್ಕಿದ್ದು ಅಮೆರಿಕದ ಮೆಕ್ಕೆಜೋಳದ ಸೀಮೆಯಿಂದ. ಅಯೋವಾ ಅಂತ ಒಂದು ರಾಜ್ಯ. ಕೃಷಿಗೆ ಹೆಸರಾದದ್ದು. 1980ರ ದಶಕದಲ್ಲಿ ಅಲ್ಲಿ ಜಮೀನಿನ ಬೆಲೆ ಕುಸಿಯಿತು, ಬಡ್ಡಿ ಏರಿತ್ತು, ಒಳ್ಳೆ ಕಾಲದಲ್ಲಿ ಸಾಲ ಮಾಡಿದ್ದ ರೈತರು ಜಮೀನು ಕಳೆದುಕೊಂಡರು. ಕತೆ ಎಲ್ಲೋ ಕೇಳಿದ ಹಾಗಿದೆ, ಅಲ್ವಾ? ರ‍್ಯಾಂಡ್ ಕಾಂಗರ್, ಗ್ಲೆನ್ ಎಲ್ಡರ್ ಮತ್ತವರ ಜೊತೆಯವರು 1989ರಲ್ಲಿ ಅಲ್ಲಿನ 451 ಕುಟುಂಬಗಳನ್ನು ಹಿಡಿದು ವರ್ಷಗಟ್ಟಲೆ ಬೆನ್ನುಹತ್ತಿದರು. ಪ್ರತಿ ಮನೆಯಲ್ಲೂ ಏಳನೇ ಕ್ಲಾಸಿನ ಒಂದು ಮಗು, ಹತ್ತಿರದ ವಯಸ್ಸಿನ ಒಬ್ಬ ತಮ್ಮನೋ ಅಕ್ಕನೋ. ಮನೆಯವರು ಕೂತು ಮಾತಾಡುವುದನ್ನು ವಿಡಿಯೋ ಮಾಡಿಕೊಂಡರು. ಏಳನೇ ಕ್ಲಾಸು ಅನ್ನುವುದನ್ನು ಓದಿದಾಗ, ಇವರು ಶಾಂತಳ್ಳಿಗೂ ಬಂದಿದ್ದರೇನೋ ಅನ್ನಿಸಿತು.

ಅವರು ಕಂಡದ್ದು ಏನು ಅಂದರೆ, ದುಡ್ಡಿಲ್ಲದ್ದು ಬಹುಮಟ್ಟಿಗೆ ನೇರವಾಗಿ ಮಗುವಿಗೆ ತಟ್ಟುವುದಿಲ್ಲ. ಮೆಟ್ಟಿಲು ಇಳಿದು ಬರುತ್ತದೆ. ಬೆಲೆ ಬೀಳುತ್ತದೆ, ಬಿಲ್ಲು ಕಟ್ಟಲಾಗುವುದಿಲ್ಲ, ಇದ್ದದ್ದರಲ್ಲಿ ಒಂದೊಂದೇ ಬಿಡಬೇಕಾಗುತ್ತದೆ. ಅದರಿಂದ ದೊಡ್ಡವರ ಮನಸ್ಸು ಕುಗ್ಗುತ್ತದೆ. ಕುಗ್ಗಿದ ಇಬ್ಬರು ಒಬ್ಬರ ಮೇಲೊಬ್ಬರು ಕಿರಿಕಿರಿ ಮಾಡಿಕೊಳ್ಳುತ್ತಾರೆ. ಅಲ್ಲಿಂದ ಮಕ್ಕಳ ಮೇಲೆ. ಒಬ್ಬ ಹೊಡೆಯುತ್ತಾನೆ, ಒಬ್ಬಳು ಮಂಕಾಗುತ್ತಾಳೆ. ಎಲ್ಡರ್ ಇದಕ್ಕೂ ಮೊದಲು, 1930ರ ದಶಕದ ಮಹಾ ಆರ್ಥಿಕ ಕುಸಿತದ ಕಾಲದಲ್ಲಿ ಬೆಳೆದ ಮಕ್ಕಳ ಕುರಿತು ಇಂಥದ್ದನ್ನೇ ಬರೆದಿದ್ದರು. ಅಲ್ಲೂ ಸಂಪಾದನೆ ಕಳೆದುಕೊಂಡ ಅಪ್ಪನ ಸಿಡುಕೇ ಮಕ್ಕಳಿಗೆ ಹೆಚ್ಚು ಪೆಟ್ಟು ಕೊಟ್ಟಿತ್ತು. ಅಯೋವಾದಲ್ಲಿ ಇನ್ನೊಂದೂ ಕಂಡಿತು. ಗಂಡ ಹೆಂಡತಿ ಒಬ್ಬರಿಗೊಬ್ಬರು ಆಸರೆಯಾಗಿದ್ದ ಮನೆಗಳಲ್ಲಿ ಪೆಟ್ಟು ಅರ್ಧ ದಾರಿಯಲ್ಲೇ ಮೆತ್ತಗಾಗುತ್ತಿತ್ತು.

ಅಂದರೆ, ಅಜ್ಜಿ ಗೆಣಸು ಸುಲಿಯುತ್ತಾ ಹೇಳಿದ್ದನ್ನು ಕಾಂಗರ್ 451 ಮನೆ ಸುತ್ತಿ ಹೇಳಿದರು. ಅವರ ಶ್ರಮವನ್ನು ನಾನು ಕಡಿಮೆ ಮಾಡುತ್ತಿಲ್ಲ. ಅಜ್ಜಿಗೆ ಒಂದೇ ಮನೆ ಗೊತ್ತಿತ್ತು.

ಅಪ್ಪ ಮಾಡಿದ್ದು ಸರಿ ಅಂತ ಇದರ ಅರ್ಥವಲ್ಲ. "ಪಾಪ, ಅವರಿಗೂ ಟೆನ್ಷನ್ ಇತ್ತು" ಅನ್ನುವ ಮಾತನ್ನು ನಮ್ಮಲ್ಲಿ ಬೇಕಾದ್ದಕ್ಕೆಲ್ಲ ಬಳಸುತ್ತಾರೆ. ಕುಡಿದು ಬಂದು ಹೊಡೆಯುವವನಿಗೂ ಅದೇ ಸಮಾಧಾನ. ಅದೇ ವರ್ಷ, ಅದೇ ರೇಟಿನಲ್ಲಿ, ಪಕ್ಕದ ತೋಟದವರು ಮಗನ ಮೇಲೆ ಕೈ ಮಾಡಿರಲಿಲ್ಲ. ನನ್ನ ತಮ್ಮನಿಗೆ ಇಂದಿಗೂ ಯಾರಾದರೂ ಹಿಂದಿನಿಂದ ಟಾರ್ಚು ಬಿಟ್ಟರೆ ಮೈ ಜುಮ್ಮೆನ್ನುತ್ತದೆ. ಅವನು ಬೆಂಗಳೂರಿನಲ್ಲಿದ್ದಾನೆ. ದೀಪಾವಳಿಗೆ ಬರುತ್ತಾನೆ, ಹುತ್ತರಿಗೆ ಬರುತ್ತಾನೆ, ಬೇಸಿಗೆಯಲ್ಲಿ ಬರುತ್ತಾನೆ. ಕಣದಲ್ಲಿ ಕಾಫಿ ಇರುವ ಜನವರಿಯಲ್ಲಿ ಬರುವುದಿಲ್ಲ. ಯಾಕೆ ಅಂತ ನಾವು ಯಾರೂ ಕೇಳಿಲ್ಲ.

ನನಗೆ ಕುತೂಹಲ ಇದ್ದದ್ದು ಅಜ್ಜಿಯ ಬಗ್ಗೆ. ಅವಳು ಏನು ಮಾಡಿದಳು ನಿಜವಾಗಿ?

ತೋಟ ಇರುವವರಿಗೆ ತೊಟ್ಟಿಲು ಗುಂಡಿ ಗೊತ್ತಿರುತ್ತದೆ. ಇಳಿಜಾರಿನಲ್ಲಿ, ಕಾಫಿ ಗಿಡಗಳ ಸಾಲಿನ ನಡುವೆ, ಅಡ್ಡಕ್ಕೆ ತೆಗೆಯುವ ಉದ್ದುದ್ದ ಗುಂಡಿ. ಸುಮಾರು ಒಂದು ಅಡಿ ಅಗಲ, ಒಂದು ಒಂದೂವರೆ ಅಡಿ ಆಳ. ಒಂದರ ನೇರಕ್ಕೆ ಇನ್ನೊಂದು ಇರುವುದಿಲ್ಲ, ಬಿಟ್ಟು ಬಿಟ್ಟು ತೆಗೆಯುತ್ತಾರೆ. ಮೇಲಿನದ್ದು ಬಿಟ್ಟ ನೀರನ್ನು ಕೆಳಗಿನದ್ದು ಹಿಡಿಯಬೇಕು. ಮೇಲಿನಿಂದ ಓಡಿ ಬರುವ ನೀರು ಅದರಲ್ಲಿ ಒಂದು ಗಳಿಗೆ ನಿಲ್ಲುತ್ತದೆ, ಹೊತ್ತು ತಂದ ಮಣ್ಣು, ಎಲೆ ಅಲ್ಲೇ ಕೂರುತ್ತದೆ. ಮಳೆಯೇನೂ ಕಡಿಮೆಯಾಗಿರುವುದಿಲ್ಲ. ನೀರಿನ ಓಟ ಕಡಿಮೆಯಾಗಿರುತ್ತದೆ, ಅಷ್ಟೇ. ಇಲ್ಲದಿದ್ದರೆ ತುದಿಯಲ್ಲಿರುವ ಎಳೆ ಗಿಡದ ಬುಡ ತೊಳೆದು ಹೋಗುತ್ತದೆ.

ನಮ್ಮ ಮನೆಯ ಇಳಿಜಾರಿನ ತುದಿಯಲ್ಲಿದ್ದವನು ತಮ್ಮ. ಅಜ್ಜಿ ನಡುವೆ ಇದ್ದಳು.

ಇದಕ್ಕೂ ಒಂದು ಅಧ್ಯಯನ ಸಿಕ್ಕಿತು. ನನಗೆ ತುಂಬ ಹಿಡಿಸಿದ್ದು ಇದೇ. ಹವಾಯಿಯ ಕೌವಾಯಿ ಅನ್ನುವ ದ್ವೀಪ. ಅದೂ ತೋಟಗಳ ನಾಡು, ಕಬ್ಬು ಮತ್ತು ಅನಾನಸು. 1955ರಲ್ಲಿ ಅಲ್ಲಿ ಹುಟ್ಟಿದ 698 ಮಕ್ಕಳನ್ನು ಎಮ್ಮಿ ವರ್ನರ್ ಮತ್ತು ಅವರ ಜೊತೆಗಾರರು ನಲವತ್ತು ವಯಸ್ಸಿನ ತನಕ ಗಮನಿಸಿದರು. ಅವರಲ್ಲಿ ಸುಮಾರು ಮೂರನೇ ಒಂದು ಪಾಲು ಮಕ್ಕಳಿಗೆ ಬಡತನ, ಹೆರಿಗೆಯ ತೊಡಕು, ಕುಡಿತದ ಅಥವಾ ಮನಸ್ಸಿನ ಕಾಯಿಲೆಯ ಅಪ್ಪ ಅಮ್ಮ, ಹೀಗೆ ಒಂದರ ಮೇಲೊಂದು ಕಷ್ಟ. ಆ ಕಷ್ಟದ ಮಕ್ಕಳಲ್ಲೂ ಮೂವರಲ್ಲಿ ಒಬ್ಬರು ಚೆನ್ನಾಗಿ ಬೆಳೆದರು. ಓದಿದರು, ದುಡಿದರು, ಬೇರೆಯವರನ್ನು ಪ್ರೀತಿಯಿಂದ ನೋಡಿಕೊಂಡರು. ಅವರಿಗಿದ್ದ ಅನುಕೂಲಗಳಲ್ಲಿ ಒಂದು, ಬಿಡದೆ ಜೊತೆ ನಿಂತ ಒಬ್ಬ ದೊಡ್ಡವರು. ಅದು ಅಪ್ಪ ಅಮ್ಮನೇ ಆಗಿರಬೇಕಿರಲಿಲ್ಲ. ಅಜ್ಜಿ, ಅತ್ತೆ, ಪಕ್ಕದ ಮನೆಯವರು, ಒಬ್ಬ ಮೇಷ್ಟ್ರು.

ಹಾಗಂತ "ಕೂಡು ಕುಟುಂಬವೇ ಸ್ವರ್ಗ" ಅಂತ ಭಾಷಣ ಬಿಗಿಯುವವರ ಜೊತೆ ನಾನು ಸೇರುವುದಿಲ್ಲ. ಕೂಡು ಕುಟುಂಬದಲ್ಲಿ ಇಳಿಜಾರಿನ ತುದಿಯಲ್ಲಿ ಎಷ್ಟೋ ಸಲ ಮಕ್ಕಳಿಗಿಂತ ಸೊಸೆ ಇರುತ್ತಾಳೆ. ಅಮ್ಮ ಅಂದು ಬಾಗಿಲಲ್ಲೇ ನಿಂತದ್ದು ಸುಮ್ನೆ ಅಲ್ಲ. ಅವಳ ಬಳೆ ಹೋಗಿತ್ತು, ಅವಳ ಮಾತಿಗೆ ಆ ಮನೆಯಲ್ಲಿ ಬೆಲೆ ಅಷ್ಟಕ್ಕಷ್ಟೇ. ಅವಳ ಕೈಗೆ ಯಾರೂ ಗೆಣಸು ಸುಲಿದು ಕೊಡಲಿಲ್ಲ.

2018ರ ಆಗಸ್ಟಿನಲ್ಲಿ ನಾನು ಬೇರೆ ಬೇರೆ ಮನೆಯವರನ್ನು ಒಂದೇ ಸೂರಿನಡಿ ನೋಡಿದೆ. ಸ್ವಾತಂತ್ರ್ಯ ದಿನದ ಸುತ್ತಮುತ್ತ ಗುಡ್ಡಗಳು ಜರಿದವು. ಮಕ್ಕಂದೂರು, ಮುಕ್ಕೋಡ್ಲು, ಹಟ್ಟಿಹೊಳೆ, ಜೋಡುಪಾಲ, ಆ ಹೆಸರುಗಳೆಲ್ಲ ಟಿವಿಯಲ್ಲಿ ಬರತೊಡಗಿದವು. ಮಡಿಕೇರಿಯ ಒಂದು ಪರಿಹಾರ ಕೇಂದ್ರದಲ್ಲಿ ನಾನು ಬಟ್ಟೆ ವಿಂಗಡಿಸುವ ಕೆಲಸಕ್ಕೆ ಹೋಗುತ್ತಿದ್ದೆ. ನನ್ನ ಮಗಳಿಗೆ ಆಗ ಐದು, ಅವಳನ್ನೂ ಕರೆದುಕೊಂಡೇ.

ಒಬ್ಬರು ತಾಯಿ ನೆನಪಿದ್ದಾರೆ. ಮನೆ ಪೂರ್ತಿ ಹೋಗಿತ್ತು. ಬೆಳಗ್ಗೆ ಎಂಟಕ್ಕೆ ಸರಿಯಾಗಿ ಮಗಳನ್ನು ಮುಂದೆ ಕೂರಿಸಿಕೊಂಡು ಎರಡು ಜಡೆ ಹಾಕುತ್ತಿದ್ದರು. ಶಾಲೆ ಇರಲಿಲ್ಲ, ಯೂನಿಫಾರ್ಮ್ ಇರಲಿಲ್ಲ, ರಿಬ್ಬನ್ ಇರಲಿಲ್ಲ. ದಾನದ ಬಟ್ಟೆ ಬಂದಿದ್ದ ಗಂಟಿನಿಂದ ಕೆಂಪು ಅಂಚು ಹರಿದು ಅದರಲ್ಲೇ ಕಟ್ಟುತ್ತಿದ್ದರು. ಕಟ್ಟುತ್ತಾ ಏಳರ ಮಗ್ಗಿ ಕೇಳುತ್ತಿದ್ದರು. ಹುಡುಗಿ ಏಳೆಂಟಲಲ್ಲಿ ತಪ್ಪಿದರೆ ತಲೆಗೆ ಒಂದು ಮೊಟಕು! ಅದನ್ನು ನೋಡಿ ನನಗೆ ಯಾಕೋ ಸಮಾಧಾನವಾಯಿತು. ಆ ಹುಡುಗಿಗೂ ಆಗಿರಬೇಕು. ಮೊಟಕುವ ಅಮ್ಮ ಇನ್ನೂ ಮೊಟಕುತ್ತಿದ್ದಾಳೆ ಅಂದರೆ ಎಲ್ಲವೂ ಕೊಚ್ಚಿ ಹೋಗಿಲ್ಲ.

ಇನ್ನೊಂದು ಮೂಲೆಯಲ್ಲಿ ಒಬ್ಬರು ಅಪ್ಪ. ಮಗ ಚಪ್ಪಲಿ ಬೇಕು ಅಂದದ್ದಕ್ಕೆ ಎಲ್ಲರೆದುರು ಕೆನ್ನೆಗೆ ಬಾರಿಸಿದರು. ಆಮೇಲೆ ಅವರೇ ತಲೆ ಹಿಡಿದು ಕೂತರು. ಪಕ್ಕದ ಚಾಪೆಯ ಮುದುಕಿ ಮಲಯಾಳಂ ಮಾತಾಡುವವರು. ಹುಡುಗನದು ಅರೆಭಾಷೆ. ಆಕೆ ಅವನನ್ನು ಕೈಹಿಡಿದು ಬಟ್ಟೆ ರಾಶಿಯ ಹತ್ತಿರ ಕರೆತಂದು, ನನ್ನ ಕಡೆ ನೋಡಿ, ಅವನ ಬರಿಗಾಲು ತೋರಿಸಿದರು. ನಾವು ಮೂವರೂ ಸೇರಿ ಹುಡುಕಿ, ಎರಡು ಬೇರೆ ಬೇರೆ ಬಣ್ಣದ, ಒಂದೇ ಅಳತೆಯ ಚಪ್ಪಲಿ ಹೊಂದಿಸಿದೆವು. ಅವನು ಅದನ್ನು ಅಪ್ಪನಿಗೆ ತೋರಿಸಲು ಓಡಿದ.

ರೂಬೆನ್ ಹಿಲ್ ಅನ್ನುವವರು ಎರಡನೇ ಮಹಾಯುದ್ಧಕ್ಕೆ ಹೋದ ಸೈನಿಕರ ಕುಟುಂಬಗಳನ್ನು ನೋಡಿ 1949ರಲ್ಲಿ ಬರೆದದ್ದು ಇದಕ್ಕೆ ಹೊಂದುತ್ತದೆ. ಬಂದ ಕಷ್ಟ ಒಂದು. ಅದನ್ನು ತಡೆಯಲು ಮನೆಯಲ್ಲಿ ಏನಿದೆ, ಯಾರಿದ್ದಾರೆ ಅನ್ನುವುದು ಎರಡು. ಮನೆಯವರು ಆ ಕಷ್ಟವನ್ನು ಏನಂತ ಅರ್ಥಮಾಡಿಕೊಂಡರು ಅನ್ನುವುದು ಮೂರು. ಈ ಮೂರು ಸೇರಿ ಒಂದು ಮನೆ ಮುರಿಯುತ್ತದೋ ಬಾಗುತ್ತದೋ ತೀರ್ಮಾನವಾಗುತ್ತದೆ. ಮೂರನೆಯದನ್ನು ನಾವು ಲೆಕ್ಕಕ್ಕೇ ಇಟ್ಟುಕೊಳ್ಳುವುದಿಲ್ಲ. ಮಕ್ಕಳಿಗೆ ಹೇಳಬಾರದು, ಅವಕ್ಕೇನು ಗೊತ್ತಾಗುತ್ತದೆ ಅನ್ನುತ್ತೇವೆ. ಏನೂ ಹೇಳದಿದ್ದರೆ ಮಕ್ಕಳೇ ಒಂದು ಅರ್ಥ ಕಟ್ಟಿಕೊಳ್ಳುತ್ತವೆ. ಆ ಅರ್ಥದಲ್ಲಿ ಬಹಳ ಸಲ ತಪ್ಪು ಅವರದ್ದೇ ಆಗಿರುತ್ತದೆ. ಕಲ್ಲು ಇಡದೆ ಹೋದ ಆ ಮೂಲೆಯಿಂದಲೇ ಮನೆಯ ದರಿದ್ರ ಶುರುವಾಯಿತು ಅಂತ ತಮ್ಮ ಬಹಳ ದಿನ ನಂಬಿದ್ದ. ಅಜ್ಜಿ ಹೇಳಿದ ಮೇಲೂ.

ಇನ್ನೊಂದು ಮಾತು ಇಲ್ಲೇ ಹೇಳಿಬಿಡುತ್ತೇನೆ. ಮಕ್ಕಳಿಗೆ ಪ್ರತಿಯೊಂದನ್ನೂ ವಿವರಿಸಿ ಹೇಳಬೇಕು ಅನ್ನುವ ಪುಸ್ತಕಗಳನ್ನು ಬರೆದವರು ಸಿದ್ದಾಪುರ, ಮಾಲ್ದಾರೆ ಕಡೆ ಒಂದು ವಾರ ಇರಬೇಕು. ಆರು ಗಂಟೆ ಮೇಲೆ ಗೇಟು ದಾಟಬಾರದು ಅಂದರೆ ದಾಟಬಾರದು. ತೋಟದೊಳಗೆ ಆನೆ ಇದೆ. "ಓಡು" ಅಂದಾಗ "ಯಾಕಪ್ಪಾ?" ಅಂತ ಕೇಳುವ ಮಗುವನ್ನು ಬೆಳೆಸಿದರೆ ಕಷ್ಟ. ವಿವರಣೆ ಮನೆ ಸೇರಿದ ಮೇಲೆ. ಹಾಗೆಯೇ ತೋಟದ ಕೂಲಿಯವರಿರುವ ಲೈನ್ ಮನೆಗಳ ತಾಯಂದಿರ ಮುಂದೆ ಈ ನಾಲ್ಕು ಡಬ್ಬಿ ಹಿಡಿದುಕೊಂಡು ಹೋಗಲು ನನಗೆ ನಾಚಿಕೆ. ಕುಯ್ಲಿನ ಕಾಲದಲ್ಲಿ ಕೂಲಿ ಕೆಜಿ ಲೆಕ್ಕ. ಅಸ್ಸಾಮಿನಿಂದ ಬಂದ ಹುಡುಗಿಯೊಬ್ಬಳು ನಮ್ಮ ತೋಟದಲ್ಲಿ ಸಿಲ್ವರ್ ಮರಕ್ಕೆ ಹಳೇ ಸೀರೆ ಕಟ್ಟಿ, ಮಗುವನ್ನು ಅದರಲ್ಲಿ ಹಾಕಿ, ಹತ್ತು ಗಿಡ ಕುಯ್ದು ಓಡಿ ಬಂದು ಒಂದು ಸಲ ತೂಗಿ, ಮತ್ತೆ ಹತ್ತು ಗಿಡಕ್ಕೆ ಹೋಗುತ್ತಿದ್ದಳು. ಅವಳ ಪೇರೆಂಟಿಂಗ್ ಸ್ಟೈಲು ಯಾವುದು ಅಂತ ಹೇಳುವುದು?

ಈಗ ನಮ್ಮ ಮನೆ. ನಾನು ಬದಲಾಗಿದ್ದೇನೆ ಅಂತ ಬರೆಯಲು ಆಸೆ, ಆದರೆ ಮಕ್ಕಳು ದೊಡ್ಡವರಾಗಿ ಇದನ್ನು ಓದಬಹುದು. ಆ ಜುಲೈ ಸಂಜೆ ಮಗಳ ಪ್ರಶ್ನೆಗೆ "ಹೌದು, ಬಿದ್ದಿದೆ" ಅಂದೆ. ಮಗನ ಹತ್ತಿರ ಕೂತು, ಅವನು ಒರೆಸುತ್ತಿದ್ದ ಬಿಲ್ಲು ತೆಗೆದುಕೊಂಡು, ಅಪ್ಪ ಬರಲಾಗದ್ದು, ಲೆಕ್ಕ ಕೊಡಬೇಕಾದ್ದು, ಫೋನು ಸತ್ತದ್ದು, ಎಲ್ಲ ಹೇಳಿದೆ. "ಕಿಟಕಿ ತೆಗೆದದ್ದು ತಪ್ಪು, ಅದಕ್ಕೆ ಇಷ್ಟು ಬೈಗುಳ ಬೇಕಿರಲಿಲ್ಲ, ಉಳಿದದ್ದು ನಿನ್ನದಲ್ಲ" ಅಂದೆ. ಅವನು ಯೋಚಿಸಿ, "ಹಾಗಾದ್ರೆ ನನ್ನದು ಎಷ್ಟು?" ಅಂತ ಕೇಳಿದ. ಲೆಕ್ಕ ಬರೆಯುವವಳ ಮಗ. "ಎರಡು ರೂಪಾಯಿಯಷ್ಟು" ಅಂದೆ. ಒಪ್ಪಿಕೊಂಡ.

ಅದಾದ ಮೇಲೂ ಕೂಗಾಡಿದ್ದೇನೆ. ಆಗಸ್ಟ್ 3ಕ್ಕೆ, ಕೊಡವರ ಕಕ್ಕಡ ತಿಂಗಳ ಹದಿನೆಂಟನೇ ದಿನ, ಮದ್ದು ಸೊಪ್ಪಿನ ಪಾಯಸ ಮಾಡಿದ್ದೆ. ಆ ನೇರಳೆ ಬಣ್ಣದ ಪಾಯಸ ತಿಂದರೆ ಉಚ್ಚೆ ಕೆಂಪಗಾಗುತ್ತದೆ. ಹದಿನೆಂಟು ಬಗೆ ಔಷಧಿ ಮೈಗೆ ಹತ್ತಿದ್ದಕ್ಕೆ ಸಾಕ್ಷಿ ಅಂತ ಹಿರಿಯರು ಹೇಳುತ್ತಾರೆ. ಮಕ್ಕಳಿಗೆ ಔಷಧಿಗಿಂತ ಸಾಕ್ಷಿಯೇ ಮುಖ್ಯ. ಇಬ್ಬರೂ ಬಚ್ಚಲಿನಿಂದ ಕಿರುಚಿ ವರದಿ ಕೊಡುತ್ತಿದ್ದಾಗ ನಾನು ಫೋನಿನಲ್ಲಿ ಒಬ್ಬ ಗಿರಾಕಿಯ ಹತ್ತಿರ ಜಿಎಸ್‌ಟಿ ಮಾತಾಡುತ್ತಿದ್ದೆ. ಫೋನು ಇಟ್ಟು ಬೈದೆ. ಮಗಳು ಇಣುಕಿ, "ಎಷ್ಟು ರೂಪಾಯಿ?" ಅಂದಳು. ನಗು ಬಂದುಬಿಟ್ಟಿತು. ಯಾವಾಗಲೂ ಬರುವುದಿಲ್ಲ.

ಮಕ್ಕಳ ಅಪ್ಪನಿಗೂ ಈ ಲೆಕ್ಕ ಅಂಟಿಕೊಂಡಿದೆ. ಬಾಗಿಲಲ್ಲೇ ಚಪ್ಪಲಿ ಬಿಡುತ್ತಾ "ಇವತ್ತು ರೇಟು ಪೂರ್ತಿ ಬಿದ್ದಿದೆ, ಅರ್ಧ ಗಂಟೆ ಬಿಡಿ" ಅನ್ನುತ್ತಾರೆ. ಬಿಡುತ್ತೇವೆ. ನಮ್ಮಪ್ಪ ಆ ಬೈಕು ನಿಲ್ಲಿಸಿ ಹಾಗೆ ಒಂದು ಮಾತು ಅಂದಿದ್ದರೆ, ನಾವು ರೇಡಿಯೋ ಆರಿಸುತ್ತಿದ್ದೆವು ಹೇಗೂ. ಆದರೆ ಯಾಕೆ ಆರಿಸುತ್ತಿದ್ದೇವೆ ಅಂತ ಗೊತ್ತಿರುತ್ತಿತ್ತು.

ಆಮೇಲಿನ ಜನವರಿಯಲ್ಲಿ ಮಕ್ಕಳನ್ನು ಕರೆದುಕೊಂಡು ಶಾಂತಳ್ಳಿಗೆ ಹೋಗಿದ್ದೆ. ಅಪ್ಪನಿಗೆ ಎಪ್ಪತ್ತು ದಾಟಿದೆ. ಆಗ ಕಾಫಿಗೆ ಬಂದಿದ್ದ ಬೆಲೆಯನ್ನು ಅವರು ಜೀವಮಾನದಲ್ಲಿ ಕಂಡಿರಲಿಲ್ಲ. ದಿನಾ ಬೆಳಗ್ಗೆ ವಾಟ್ಸಾಪಿನಲ್ಲಿ ರೇಟು ನೋಡುತ್ತಾರೆ, ಕನ್ನಡಕ ತೆಗೆದು ಒರೆಸಿ ಇನ್ನೊಂದು ಸಲ ನೋಡುತ್ತಾರೆ. ಆದರೂ ಮುಖ ಗಂಟು. ಅದನ್ನು ನೋಡಿ ನೋಡಿ ನನ್ನ ಮಗ ಕೇಳಿಯೇ ಬಿಟ್ಟ, "ಅಜ್ಜಾ, ರೇಟು ಏರಿದೆ ಅಲ್ವಾ? ಮತ್ತೆ ಯಾಕೆ ಸಿಟ್ಟು?"

ನಾನು ಒಳಗಿನಿಂದಲೇ ಉಸಿರು ಬಿಗಿ ಹಿಡಿದೆ. ನಮ್ಮ ಕಾಲದಲ್ಲಿ ಆ ಪ್ರಶ್ನೆ ಯಾರೂ ಕೇಳಿರಲಿಲ್ಲ. ಅಪ್ಪ ಅವನನ್ನೇ ನೋಡಿದರು. ಆಮೇಲೆ, "ಕುಯ್ಯೋಕೆ ಜನ ಸಿಕ್ತಿಲ್ಲ ಕಣೋ. ಹಣ್ಣು ಉದುರ್ತಿದೆ. ಮೇಲಿಂದ ಮೋಡ ಬೇರೆ" ಅಂದರು. ಅಲ್ಲಿಗೆ ನಿಲ್ಲಿಸಲಿಲ್ಲ. ಅವನನ್ನು ಕಣಕ್ಕೆ ಕರೆದುಕೊಂಡು ಹೋಗಿ, ಒಂದು ಹಿಡಿ ಕಾಫಿ ಕೈಗೆ ಹಾಕಿ, ಒಂದು ಬೀಜ ಹಲ್ಲಿನಲ್ಲಿ ಕಚ್ಚಿ ತೋರಿಸಿದರು. ಒಣಗಿದ್ದು ಹೇಗೆ ಕಟ್ ಅನ್ನುತ್ತದೆ, ಹಸಿಯದ್ದು ಹೇಗೆ ಮೆತ್ತಗೆ ಒತ್ತಿಕೊಳ್ಳುತ್ತದೆ. ಈಗ ಮಳೆ ಬಂದರೆ ಕಣದಲ್ಲಿದ್ದದ್ದಕ್ಕೆ ಏನಾಗುತ್ತದೆ, ಗಿಡದಲ್ಲಿ ಉಳಿದ ಹಣ್ಣಿಗೆ ಏನಾಗುತ್ತದೆ, ಹೊತ್ತಲ್ಲದ ಹೊತ್ತಿನಲ್ಲಿ ಹೂವು ಬಿಟ್ಟರೆ ಮುಂದಿನ ವರ್ಷಕ್ಕೆ ಏನಾಗುತ್ತದೆ. ಅರ್ಧ ಗಂಟೆ. ನಾನು ಜಗಲಿ ಕಂಬಕ್ಕೆ ಒರಗಿ ನೋಡುತ್ತಿದ್ದೆ. ಅಮ್ಮ ನನ್ನ ಪಕ್ಕ ಬಂದು ನಿಂತಳು. ಇಬ್ಬರೂ ಏನೂ ಮಾತಾಡಲಿಲ್ಲ.

ರಾತ್ರಿ ತಮ್ಮನಿಗೆ ಫೋನು ಮಾಡಿದೆ. ನಡೆದದ್ದನ್ನೆಲ್ಲ ಹೇಳಿದೆ. ಅಪ್ಪ ಬೀಜ ಕಚ್ಚಿ ತೋರಿಸಿದ್ದು, ಮೋಡದ ಕತೆ, ಎಲ್ಲ. ಅವನು ಬಹಳ ಹೊತ್ತು ಸುಮ್ಮನಿದ್ದ. ಲೈನು ಕಟ್ಟಾಯಿತೇನೋ ಅಂದುಕೊಂಡು "ಹಲೋ" ಅಂದೆ.

"ಕೇಳಿಸ್ತಿದೆ ಅಕ್ಕ" ಅಂದ. ಆಮೇಲೆ ಕೇಳಿದ, "ಟಾರ್ಪಲ್ ಹಾಕಿದ್ರಾ?"